ಹಳೆ ಫೌಜಿ ಪಿಸ್ತೂಲು ಕೊಳ್ಳುವವರಿಗೆ: ಕಾಗದ, ನಳಿಗೆ, ನಂಬರು

ಕಲಬುರಗಿ, ಬೀದರ, ಯಾದಗಿರಿ ಕಡೆ ಹಳೆ ಪಿಸ್ತೂಲು ಮಾರಾಟಕ್ಕೆ ಬಂದರೆ ಮೊದಲು ಕಿವಿಗೆ ಬೀಳುವುದು ಮನೆತನದ ಹೆಸರು, ಆಮೇಲೆ ಕಂಪನಿ ಹೆಸರು. "ಜರ್ಮನ್ ಮಾಲು ಅದ ಸಾಹೇಬ್ರ, ನಿಜಾಮರ ಕಾಲದ್ದು." ಮಾತಿನಲ್ಲಿ ನಿಜ ಇರಬಹುದು. 1948ರ ಸೆಪ್ಟೆಂಬರ್‌ವರೆಗೆ ಈ ನೆಲ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಇಲ್ಲಿನ ದೊಡ್ಡ ವಾಡೆಗಳಲ್ಲಿ ಬಂದೂಕು, ಪಿಸ್ತೂಲು ಇರುತ್ತಿದ್ದವು. ಆದರೆ ಕೊಳ್ಳುವವರಿಗೆ ಆ ಎರಡು ಹೆಸರಿಗಿಂತ ಮೂರು ವಿಷಯ ಮುಖ್ಯ: ಬೋರ್ (ನಳಿಗೆಯ ಒಳಅಳತೆ, ಅಂದರೆ ಯಾವ ಕಾಡತೂಸಿನದು) ಯಾವುದು, ಕಾಗದ ಸರಿ ಇದೆಯೇ, ನಳಿಗೆ ಹೇಗಿದೆ. ಈ ಮೂರರಲ್ಲಿ ಒಂದು ಕೈಕೊಟ್ಟರೂ ಉಳಿದೆಲ್ಲ ವ್ಯರ್ಥ.

ಇಷ್ಟು ಕಟ್ಟುನಿಟ್ಟಾಗಿ ಹೇಳಲು ಕಾರಣ ಆಯುಧ ಕಾಯ್ದೆಯ 2019ರ ತಿದ್ದುಪಡಿ. ಅದಕ್ಕೂ ಮೊದಲು ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು, ಈಗ ಎರಡೇ. ಅಜ್ಜನಿಂದ ವಾರಸಾಗಿ ಬಂದದ್ದೂ ಆ ಎರಡರ ಲೆಕ್ಕದಲ್ಲೇ ಸೇರುತ್ತದೆ. ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರಿಗೆ ವಿನಾಯಿತಿ ಇದೆ, ಆದರೆ ಅದು ಗುರಿ ಅಭ್ಯಾಸಕ್ಕೆ ಬಳಸುವ ಬಂದೂಕಿಗೆ. ಗಾಜಿನ ಕಪಾಟು ತುಂಬಿಸುವುದಕ್ಕಲ್ಲ. ಹಾಗಾಗಿ ಮನೆಯಲ್ಲಿ ಈಗಾಗಲೇ ಒಂದು ಹನ್ನೆರಡು ಬೋರಿನ ಬಂದೂಕು ಇದ್ದರೆ ನಿಮಗೆ ಉಳಿದಿರುವುದು ಒಂದೇ ಜಾಗ. ಆ ಒಂದು ಜಾಗಕ್ಕೆ ಬರುವ ಪಿಸ್ತೂಲು ಸಂಗ್ರಹಕ್ಕೂ ಒಪ್ಪಬೇಕು, ಅದರಿಂದ ಗುಂಡು ಹಾರಿಸುವಂತೆಯೂ ಇರಬೇಕು.

ಬೋರಿನ ವಿಷಯ ಮೊದಲು. ಎರಡನೇ ಮಹಾಯುದ್ಧದ ಅತಿ ಪ್ರಸಿದ್ಧ ಪಿಸ್ತೂಲುಗಳಲ್ಲಿ ಹೆಚ್ಚಿನವು ನಮ್ಮಲ್ಲಿ ನಿಷೇಧಿತ ಬೋರ್. 2016ರ ಆಯುಧ ನಿಯಮಗಳ ಮೊದಲ ಅನುಸೂಚಿಯ ಪ್ರಕಾರ .380 ಅಥವಾ .455 ಅಂಚಿನ (ತಳದಲ್ಲಿ ಹೊರಚಾಚಿದ ಅಂಚಿರುವ) ಕಾಡತೂಸು, ಇಲ್ಲವೇ ಸೈನ್ಯದ 9 ಎಂಎಂ ಅಥವಾ .45 ಅಂಚಿಲ್ಲದ ಕಾಡತೂಸು ಹಾರಿಸಬಲ್ಲ ಯಾವ ಪಿಸ್ತೂಲೂ, ರಿವಾಲ್ವರೂ ಆ ಪಟ್ಟಿಗೆ ಬೀಳುತ್ತದೆ. ಲೂಗರ್ ಪಿ08, ವಾಲ್ಥರ್ ಪಿ38, ಬ್ರೌನಿಂಗ್ ಹೈ ಪವರ್, ಕೋಲ್ಟ್ 1911, ವೆಬ್ಲಿ ಮಾರ್ಕ್ 6, ಎನ್‌ಫೀಲ್ಡ್ ನಂಬರ್ 2 ಎಲ್ಲ ಅದರಲ್ಲೇ ಬರುತ್ತವೆ. ನಿವೃತ್ತ ಫೌಜಿಯ ಮನೆಯದು, ಕಾಗದ ಆಮೇಲೆ ಮಾಡಿಸೋಣ ಎಂದು ಯಾರಾದರೂ ಹೈ ಪವರ್ ತೋರಿಸಿದರೆ ಅದನ್ನು ಕೈಯಲ್ಲಿ ಹಿಡಿದು ನೋಡುವುದೂ ಬೇಡ. ನಿಷೇಧಿತ ಆಯುಧ ಇಟ್ಟುಕೊಂಡದ್ದಕ್ಕೆ ಈಗ ಕನಿಷ್ಠ ಶಿಕ್ಷೆಯೇ 7 ವರ್ಷ, ಗರಿಷ್ಠ 14.

ಇನ್ನೊಂದು ತಪ್ಪು ತಿಳಿವಳಿಕೆ ನಮ್ಮ ಕಡೆ ಬಹಳ ಇದೆ: "ನೂರು ವರ್ಷದ್ದು, ಲೈಸೆನ್ಸ್ ಬೇಡ." ವಯಸ್ಸಿಗೆ ವಿನಾಯಿತಿ ಇಲ್ಲ. ಆಯುಧ ಕಾಯ್ದೆಯ 45ನೇ ಕಲಂ ಹಳೆ ಮಾದರಿಯ, ಪುರಾತನ ಬೆಲೆಯುಳ್ಳ, ಕೆಟ್ಟುಹೋದ ಆಯುಧವನ್ನು ಬಿಡುವುದು ಅದು ರಿಪೇರಿ ಮಾಡಿದರೂ ಹಾರುವಂತಿಲ್ಲದಿದ್ದಾಗ ಮಾತ್ರ. 1900ರಲ್ಲಿ ತಯಾರಾದ ಬ್ರೌನಿಂಗ್ ಇವತ್ತು ಒಂದು ಸ್ಪ್ರಿಂಗ್ ಬದಲಿಸಿದರೆ ಹಾರುತ್ತದೆ ಎಂದಾದರೆ ಅದಕ್ಕೆ ಲೈಸೆನ್ಸ್ ಬೇಕೇ ಬೇಕು.

ಹಾಗಾದರೆ ಉಳಿಯುವುದು ಯಾವುದು? ಸಂತೋಷದ ಸಂಗತಿ ಏನೆಂದರೆ, .32 ಎಸಿಪಿ ಅಂದರೆ 7.65 ಬ್ರೌನಿಂಗ್ ಬೋರ್ ನಿಷೇಧಿತವಲ್ಲ. ಯುರೋಪಿನ ಸೈನ್ಯ, ಪೊಲೀಸು, ವಾಯುಪಡೆಗಳು ಅರ್ಧ ಶತಮಾನ ಬಳಸಿದ ಬೋರ್ ಇದೇ. ವಾಲ್ಥರ್ ಪಿಪಿ 1929ರಲ್ಲಿ ಬಂತು. ನಳಿಗೆ 98 ಮಿಲಿಮೀಟರ್, ಮ್ಯಾಗಜೀನಿನಲ್ಲಿ 8 ಕಾಡತೂಸು. ಅದರ ತಮ್ಮ ಪಿಪಿಕೆಗೆ 83 ಮಿಲಿಮೀಟರ್ ನಳಿಗೆ, 7 ಕಾಡತೂಸು. ಮಾವ್ಸರ್ ಎಚ್‌ಎಸ್‌ಸಿ, ಸಾವರ್ 38ಎಚ್, ಜರ್ಮನ್ ಆಕ್ರಮಣದ ಕಾಲದಲ್ಲಿ ಚೆಕ್ ನೆಲದಲ್ಲಿ ತಯಾರಾದ ಸಿಝಡ್ 27, ಇಟಲಿಯ ಬೆರೆಟಾ 1935, ಅಮೆರಿಕದ ಕೋಲ್ಟ್ 1903, ಲಂಡನ್ ಮೆಟ್ರೋಪಾಲಿಟನ್ ಪೊಲೀಸರು 1911ರಲ್ಲಿ ತೆಗೆದುಕೊಂಡ ವೆಬ್ಲಿ ಅಂಡ್ ಸ್ಕಾಟ್ ಆಟೋಮ್ಯಾಟಿಕ್, ಇವೆಲ್ಲ ಇದೇ ಬೋರಿನವು.

ನನ್ನ ಲೆಕ್ಕದಲ್ಲಿ ಇಡುವುದಕ್ಕೂ ಹೊಡೆಯುವುದಕ್ಕೂ ಮೊದಲ ಆಯ್ಕೆ ಬೆಲ್ಜಿಯಂ ಕಂಪನಿಯ, ಇದೇ 7.65 ಬೋರಿನ ಎಫ್‌ಎನ್ 1922. ಹೆಸರಿನ ಝಗಮಗ ಪಿಪಿಕೆಗೆ ಇದ್ದಷ್ಟು ಇಲ್ಲ, ಅದಕ್ಕೇ ಬೆಲೆಯೂ ಅಷ್ಟು ಏರಿಲ್ಲ. ನಳಿಗೆ ಸುಮಾರು 114 ಮಿಲಿಮೀಟರ್, ಹಿಡಿ ಪೂರ್ಣ ಕೈಗೆ ಸಿಗುತ್ತದೆ, 9 ಕಾಡತೂಸು ಹಿಡಿಯುತ್ತದೆ. ಪಿಪಿಕೆ ದೊಡ್ಡ ಕೈಯವರ ಹೆಬ್ಬೆರಳಿನ ಬುಡವನ್ನು ಸ್ಲೈಡಿನಿಂದ, ಅಂದರೆ ಹೊಡೆದಾಗ ಹಿಂದಕ್ಕೆ ಸರಿಯುವ ಮೇಲ್ಭಾಗದಿಂದ, ಕಚ್ಚುತ್ತದೆ. 1922 ಮಾದರಿಯಲ್ಲಿ ಆ ತೊಂದರೆ ಇಲ್ಲ.

ಎರಡು ಎಚ್ಚರಿಕೆ. 1922, ಪಿಪಿ, ಎಚ್‌ಎಸ್‌ಸಿ ಮೂರೂ 9 ಎಂಎಂ ಕುರ್ಜ್ (.380 ಎಸಿಪಿ) ಬೋರಿನಲ್ಲೂ ತಯಾರಾಗಿವೆ. ಅದು ಸೈನ್ಯದ 9 ಎಂಎಂ ಅಲ್ಲ, .380 ಅಂಚಿನ ರಿವಾಲ್ವರ್ ಕಾಡತೂಸೂ ಅಲ್ಲ. ಆದರೆ ಅಂಕಿ ಒಂದೇ ಕಾಣುವುದರಿಂದ ಕಚೇರಿಯಲ್ಲಿ ಕಡತ ನಿಂತುಬಿಡುತ್ತದೆ. ನಳಿಗೆಯ ಮೇಲೆ ಆ ಬರಹ ಇದ್ದರೆ ಲೈಸೆನ್ಸ್ ಕೊಡುವ ಅಧಿಕಾರಿಯಿಂದ ಬರಹದಲ್ಲಿ ಉತ್ತರ ಬರುವವರೆಗೆ ಮುಂಗಡ ಕೊಡಬೇಡಿ. ಎರಡನೆಯದು ಮಾವ್ಸರ್ ಸಿ96, ಪೊರಕೆಯ ಹಿಡಿಯಂಥ ದುಂಡು ಹಿಡಿ, ಉದ್ದ ನಳಿಗೆಯದು. ಇದರ ಮೂಲ ಕಾಡತೂಸು 7.63 ಮಾವ್ಸರ್. ಹಿಡಿಯ ಮೇಲೆ ಕೆಂಪು 9 ಕೊರೆದಿದ್ದರೆ ಅದು 1916ರಲ್ಲಿ ಜರ್ಮನ್ ಸೈನ್ಯ ಒಂದೂವರೆ ಲಕ್ಷಕ್ಕೆ ಕೊಟ್ಟ ಆರ್ಡರಿನದು, 9 ಎಂಎಂ, ಅಂದರೆ ನಿಷೇಧಿತ. 7.63ರದ್ದೇ ಆದರೂ ಅದರಲ್ಲಿ ರಷ್ಯದ ಟೋಕರೆವ್ ಪಿಸ್ತೂಲಿನ 7.62 ಕಾಡತೂಸು ಹಾಕಬೇಡಿ. ಅಳತೆ ಹೊಂದುತ್ತದೆ, ಒತ್ತಡ ಹೊಂದುವುದಿಲ್ಲ. ಹಳೆ ಬೋಲ್ಟ್ ತಡೆಯುವ ಲಾಕಿಂಗ್ ತುಂಡು ಮುರಿದರೆ ಬೋಲ್ಟ್ ಹೊಡೆಯುವವರ ಮುಖದ ಕಡೆಗೇ ಬರುತ್ತದೆ.

ಕಾಗದಕ್ಕೆ ಬರೋಣ. ಕಲಬುರಗಿ ನಗರ ಕಮಿಷನರೇಟ್ ವ್ಯಾಪ್ತಿಯವರು ಪೊಲೀಸ್ ಕಮಿಷನರ್ ಕಚೇರಿಗೆ, ಉಳಿದವರು ಆಯಾ ಜಿಲ್ಲಾಧಿಕಾರಿ ಕಚೇರಿಗೆ ಫಾರ್ಮ್ ಎ-1ರಲ್ಲಿ ಅರ್ಜಿ ಹಾಕಬೇಕು. ಅದರ ಜೊತೆ ಆಯುಧ ಸುರಕ್ಷತಾ ತರಬೇತಿ ಮತ್ತು ವೈದ್ಯಕೀಯ ಪ್ರಮಾಣಪತ್ರ ಬೇಕಾಗುತ್ತದೆ, ಪೊಲೀಸ್ ವರದಿ ಬರುತ್ತದೆ. ಲೈಸೆನ್ಸ್ ಅವಧಿ ಈಗ 5 ವರ್ಷ. ಮಾರುವವರು ಡೀಲರ್ ಅಲ್ಲದೆ ನಿಮ್ಮಂತೆಯೇ ಲೈಸೆನ್ಸ್‌ದಾರರಾಗಿದ್ದರೆ ಕಾಯ್ದೆಯ 5ನೇ ಕಲಂ ಪ್ರಕಾರ ಅವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಠಾಣೆಗೆ ಕೊಳ್ಳುವವರ ಹೆಸರು, ವಿಳಾಸ ಸಮೇತ ಬರೆದು ತಿಳಿಸಿ, 45 ದಿನ ಕಳೆದ ಮೇಲೆ ಮಾತ್ರ ಕೈಬದಲಿಸಬಹುದು. ಈ 45 ದಿನ ಪಿಸ್ತೂಲು ಮಾರುವವರ ಹತ್ತಿರವೇ ಇರಬೇಕು. "ಒಯ್ರಿ, ಕಾಗದ ಹಿಂದಿನಿಂದ ಆಗ್ತದ" ಎನ್ನುವ ಸಲಿಗೆ ಇಬ್ಬರಿಗೂ ಕೇಸು.

ವಾರಸಿನ ಪಿಸ್ತೂಲಿಗೆ ದಾರಿ ಬೇರೆ. ಲೈಸೆನ್ಸ್‌ದಾರರು ತೀರಿಕೊಂಡರೆ ವಾರಸುದಾರರು, ಇಲ್ಲವೇ ಅವರಿಗೆ 70 ವರ್ಷ ತುಂಬಿದರೆ ಅಥವಾ ಆಯುಧ ಅವರಲ್ಲಿ 25 ವರ್ಷ ಇದ್ದಿದ್ದರೆ ಅವರೇ ಸೂಚಿಸಿದ ವಾರಸುದಾರರು ಅರ್ಜಿ ಹಾಕಬಹುದು. ಮನೆಯ ಹಿರಿಯರು ಇರುವಾಗಲೇ ಇದನ್ನು ಮುಗಿಸುವುದು ಲೇಸು. ಅವರು ಹೋದ ಮೇಲೆ ಪಿಸ್ತೂಲು ಠಾಣೆಯ ಮಾಲಖಾನೆ ಸೇರುತ್ತದೆ, ಅಣ್ಣತಮ್ಮಂದಿರ ಒಪ್ಪಿಗೆ ಪತ್ರ ಸೇರುವಷ್ಟರಲ್ಲಿ ಮಳೆಗಾಲ ಒಂದೆರಡು ಕಳೆದು ನಳಿಗೆ ಹಾಳಾಗಿರುತ್ತದೆ.

ನಮ್ಮ ಭಾಗದವರಿಗೆ ಇನ್ನೊಂದು ತೊಡಕು ಗಡಿ. ಬೀದರದಿಂದ ಹೈದರಾಬಾದ್ ಸುಮಾರು 140 ಕಿಲೋಮೀಟರ್. ಡೀಲರ್‌ಗೂ ರೇಂಜ್‌ಗೂ ಜನ ಅತ್ತ ನೋಡುವುದು ಸಹಜ. ಆದರೆ ಲೈಸೆನ್ಸ್ ಪುಸ್ತಕದಲ್ಲಿ ಕರ್ನಾಟಕ ಎಂದಷ್ಟೇ ಇದ್ದರೆ ತೆಲಂಗಾಣದ ಗಡಿ ದಾಟುವುದೇ ಅಪರಾಧ. ಅಖಿಲ ಭಾರತ ವ್ಯಾಪ್ತಿ ಬರೆಸಿಕೊಳ್ಳಿ, ಇಲ್ಲದಿದ್ದರೆ ಆ ಪ್ರಯಾಣಕ್ಕೆ ಪ್ರತ್ಯೇಕ ಅನುಮತಿ ಪಡೆಯಿರಿ.

ಇನ್ನು ಪಿಸ್ತೂಲನ್ನು ನೋಡುವ ಬಗೆ. ಹೋಗುವಾಗ ಸಣ್ಣ ಟಾರ್ಚು, ಭೂತಗನ್ನಡಿ, .32 ಅಳತೆಯ ಸ್ವಚ್ಛತಾ ಕೋಲು, ನಾಲ್ಕಾರು ಬಿಳಿ ಅರಿವೆ ತುಂಡು, ಒಂದು ರಬ್ಬರ್ ತಲೆಯ ಪೆನ್ಸಿಲ್, ಡಮ್ಮಿ ಕಾಡತೂಸು ಒಯ್ಯಿರಿ. ನಿಜವಾದ ಕಾಡತೂಸು ಆ ಕೋಣೆಯಲ್ಲೇ ಇರಬಾರದು. ಕೈಗೆ ಬಂದ ತಕ್ಷಣ ಮ್ಯಾಗಜೀನ್ ತೆಗೆಯಿರಿ, ಸ್ಲೈಡ್ ಹಿಂದಕ್ಕೆಳೆದು ಚೇಂಬರ್ ನೋಡಿ, ಕಿರುಬೆರಳು ಇಟ್ಟು ಮುಟ್ಟಿ ನೋಡಿ. ಮಾರುವವರು ಈಗಷ್ಟೇ ತೋರಿಸಿದ್ದರೂ ಇದನ್ನು ಬಿಡಬಾರದು.

ಮೊದಲು ನಂಬರು. ಎಫ್‌ಎನ್‌ನಲ್ಲಿ ಚೌಕಟ್ಟು, ಸ್ಲೈಡ್, ನಳಿಗೆ ಮೂರರ ಮೇಲೂ ನಂಬರ್ ಇರುತ್ತದೆ. ಮೂರೂ ಒಂದೇ ಆಗಿರಬೇಕು, ಲೈಸೆನ್ಸ್ ಪುಸ್ತಕದಲ್ಲಿ ಬರೆದದ್ದಕ್ಕೂ ಹೊಂದಬೇಕು. ಗುಮಾಸ್ತರ ಕೈಬರಹದಲ್ಲಿ 1 ಮತ್ತು 7, 3 ಮತ್ತು 8 ಅದಲುಬದಲಾಗುವುದು ಸಾಮಾನ್ಯ. ನಂಬರಿನ ಕೊನೆಯ ಅಕ್ಷರ ಬಿಟ್ಟುಹೋಗುವುದೂ ಇದೆ. ಯುದ್ಧಕಾಲದ ಪಿಪಿಯ ನಂಬರಿನ ಕೊನೆಗೆ ಪಿ, ಪಿಪಿಕೆಗೆ ಕೆ ಇರುತ್ತದೆ, ಅದೂ ನಂಬರಿನ ಭಾಗವೇ. ಇಂಥ ತಪ್ಪನ್ನು ಮಾರುವವರ ಹೆಸರಿನಲ್ಲಿ ಇರುವಾಗಲೇ ತಿದ್ದಿಸಬೇಕು. ನಂಬರ್ ಇರುವ ಜಾಗ ಸುತ್ತಲಿಗಿಂತ ತಗ್ಗಾಗಿದ್ದರೆ, ಅಂಕಿಗಳ ಸಾಲು ಓರೆಯಾಗಿದ್ದರೆ, ಉಜ್ಜಿದ ಗೆರೆ ಕಂಡರೆ ಅಲ್ಲಿಗೇ ಮಾತು ನಿಲ್ಲಿಸಿ. ನಂಬರ್ ಅಳಿಸುವುದು, ತಿದ್ದುವುದು, ನಂಬರಿಲ್ಲದ್ದನ್ನು ಮಾರುವುದು 8ನೇ ಕಲಮಿನಲ್ಲಿ ನಿಷಿದ್ಧ. ಕಂಪನಿ ಹೆಸರಿನ ಕಾಗುಣಿತ ತಪ್ಪಿದ್ದು, ಅಕ್ಷರದ ಅಂಚು ಉಬ್ಬಿದ್ದು ಕಂಡರೆ ಅದು ಕಂಟ್ರಿ ಮಾಲು.

ಸೈನ್ಯದ್ದು ಎಂದು ಹೆಚ್ಚು ಬೆಲೆ ಕೇಳಿದರೆ ಸೈನ್ಯದ ಗುರುತು ತೋರಿಸಿ ಎನ್ನಿ. ಜರ್ಮನ್ ಸೈನ್ಯ ಒಪ್ಪಿಕೊಂಡ ಪಿಪಿಯ ಮೇಲೆ ಹದ್ದಿನ ಕೆಳಗೆ ಡಬ್ಲ್ಯುಎಎ359 (ಸೈನ್ಯದ ಪರೀಕ್ಷಕರ ಮುದ್ರೆ) ಎಂದಿರುತ್ತದೆ. ಹದ್ದಿನ ಕೆಳಗೆ ಎನ್ ಎಂದಷ್ಟೇ ಇದ್ದರೆ ಅದು ನಳಿಗೆ ಪರೀಕ್ಷೆಯ ಗುರುತು, ಅಂಗಡಿಯಲ್ಲಿ ಮಾರಿದ ಪಿಸ್ತೂಲಿನ ಮೇಲೂ ಇರುತ್ತದೆ. ಹದ್ದು ಕಂಡ ಮಾತ್ರಕ್ಕೆ ಫೌಜಿ ಅಲ್ಲ. ಎಫ್‌ಎನ್ 1922ರ ಮೇಲೆ ಡಬ್ಲ್ಯುಎಎ613, 103, 140 ಬರುತ್ತವೆ. ಸಿಝಡ್ 27ರ ಕೊನೆಯ ವರ್ಷಗಳದ್ದಕ್ಕೆ ಎಫ್‌ಎನ್‌ಎಚ್ ಎಂಬ ಗುಪ್ತ ಸಂಕೇತ ಇರುತ್ತದೆ. ಬೆರೆಟಾ ಮೇಲೆ ಇಸವಿಯ ಪಕ್ಕ ರೋಮನ್ ಅಂಕಿ ಕಂಡರೆ ಅದು 1922ರಿಂದ ಎಣಿಸಿದ ಫಾಸಿಸ್ಟ್ ವರ್ಷ. ಕೋಲ್ಟ್ 1903ರಲ್ಲಿ ಬಲಬದಿಯ ಯುಎಸ್ ಪ್ರಾಪರ್ಟಿ ಬರಹ ನೋಡಿ. ಸ್ಲೈಡ್ ಮೇಲೆ ಮಾನ್ಯುರಾನ್ ಅಥವಾ ಉಲ್ಮ್ ಎಂದಿರುವ ವಾಲ್ಥರ್ ಯುದ್ಧ ಮುಗಿದ ಮೇಲಿನದು. ಹೊಡೆಯಲು ಅದು ಇನ್ನೂ ಒಳ್ಳೆಯದು, ಆದರೆ ಯುದ್ಧಕಾಲದ ಬೆಲೆ ಕೊಡಬೇಡಿ.

ನಳಿಗೆ ನೋಡುವ ಮೊದಲು ಒಣ ಅರಿವೆ ಹಾಯಿಸಿ. ಎಣ್ಣೆ ತುಂಬಿದ ನಳಿಗೆ ಎಲ್ಲವೂ ಹೊಳೆಯುತ್ತದೆ. ಬೆಳಕು ಬಿಟ್ಟಾಗ ರೈಫ್ಲಿಂಗ್ (ನಳಿಗೆಯೊಳಗಿನ ಸುರುಳಿ) ಗೆರೆಗಳ ಅಂಚು ಚೂಪಾಗಿರಬೇಕು. ಗೆರೆಗಳ ನಡುವಿನ ತಗ್ಗಿನಲ್ಲಿ ಅಲ್ಲಲ್ಲಿ ಕಪ್ಪು ಚುಕ್ಕೆ ಇದ್ದರೆ ಗುರಿಗೆ ತೊಂದರೆ ಇಲ್ಲ. ಗೆರೆಗಳೇ ಕೊರೆದುಹೋಗಿದ್ದರೆ ಬಿಡಿ. ಈ ಚುಕ್ಕೆಗಳಿಗೆ ಕಾರಣ ಹಳೆ ಕಾಡತೂಸಿನ ಪ್ರೈಮರು, ಪಿನ್ ಬಡಿದಾಗ ಮೊದಲು ಹೊತ್ತುವ ಮದ್ದು. ಅದರ ಪೊಟ್ಯಾಷಿಯಂ ಕ್ಲೋರೇಟ್ ಉರಿದು ಉಪ್ಪಾಗಿ ನಳಿಗೆಯಲ್ಲಿ ಕೂರುತ್ತದೆ, ಗಾಳಿಯ ತೇವ ಹೀರುತ್ತದೆ. ಎಣ್ಣೆಯಲ್ಲಿ ಆ ಉಪ್ಪು ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಎಣ್ಣೆ ಹಚ್ಚಿ ಇಟ್ಟಿದ್ದೆವು ಎನ್ನುವ ಮನೆಯ ನಳಿಗೆಯೂ ಹುಳುಕಾಗಿರುವುದು ಇದರಿಂದಲೇ. ಆಮೇಲೆ ಬಿಗಿಯಾದ ಅರಿವೆಯನ್ನು ಕೋಲಿನಿಂದ ನಿಧಾನ ತಳ್ಳಿ. ಒಂದೆಡೆ ಕೈಗೆ ತಟ್ಟನೆ ಸಡಿಲವಾದರೆ, ಬೆಳಕಿನಲ್ಲಿ ಅಲ್ಲಿ ಕಪ್ಪು ಉಂಗುರ ಕಂಡರೆ ನಳಿಗೆ ಉಬ್ಬಿದೆ. ಎಂದೋ ಒಂದು ಗುಂಡು ಸಿಕ್ಕಿಕೊಂಡಿದ್ದಾಗ ಹಿಂದೆ ಇನ್ನೊಂದು ಹೊಡೆದಿರುತ್ತಾರೆ. ಅಂಥದ್ದನ್ನು ಹೊಡೆಯಲು ಕೊಳ್ಳಬಾರದು.

ಬಿರುಕು ಬರುವ ಜಾಗಗಳು ಗೊತ್ತಿರಲಿ: ಖಾಲಿ ಕೊಳವೆ ಹೊರಬೀಳುವ ಕಿಂಡಿಯ ಮೂಲೆಗಳು, ಸ್ಲೈಡ್ ಓಡುವ ಹಳಿ, ಟ್ರಿಗರ್ ಗಾರ್ಡ್ ಚೌಕಟ್ಟಿಗೆ ಸೇರುವ ಕಡೆ. ರಿಕಾಯಿಲ್ ಸ್ಪ್ರಿಂಗ್ ಸೋತಿದ್ದರೆ ಪ್ರತಿ ಹೊಡೆತಕ್ಕೂ ಸ್ಲೈಡ್ ಚೌಕಟ್ಟಿಗೆ ಬಡಿಯುತ್ತದೆ, ಬಿರುಕು ಅಲ್ಲಿಂದ. ಸ್ಪ್ರಿಂಗ್ ಪರೀಕ್ಷಿಸಲು 1922ರ ಮೂತಿಯ ತುಂಡನ್ನು ತಿರುಗಿಸಿ ಬಿಚ್ಚುವಾಗ ಅಂಗೈ ಒತ್ತಿ ಹಿಡಿಯಿರಿ, ಕಣ್ಣಿಗೆ ಕನ್ನಡಕ ಇರಲಿ. ನಳಿಗೆಯ ಸುತ್ತ ಒತ್ತಿ ಕೂತ ಸ್ಪ್ರಿಂಗ್ ಚಿಮ್ಮಿಬರುತ್ತದೆ. ಕಾಡತೂಸಿಲ್ಲದೆ ಟ್ರಿಗರ್ ಎಳೆದೆಳೆದು ನೋಡಬೇಡಿ. ಎಂಬತ್ತು ತೊಂಬತ್ತು ವರ್ಷದ ಫೈರಿಂಗ್ ಪಿನ್ ಮುರಿಯಲು ಅದೊಂದೇ ಸಾಕು, ಬದಲಿ ಪಿನ್ ನಮ್ಮಲ್ಲಿ ಸಿಗುವುದು ಕಷ್ಟ. ಡಮ್ಮಿ ಹಾಕಿಯೇ ನೋಡಿ.

ವಾಲ್ಥರ್ ಪಿಪಿ, ಪಿಪಿಕೆಗೆ ಒಂದು ಪರೀಕ್ಷೆ ಹೆಚ್ಚು. ಸೇಫ್ಟಿ ಕೆಳಗೊತ್ತಿದರೆ ಹ್ಯಾಮರ್ ತಾನೇ ಬೀಳುತ್ತದೆ, ಪಿನ್ನಿಗೆ ತಾಗಬಾರದು. ಹಳತಾದ ಪಿಸ್ತೂಲಿನಲ್ಲಿ ಆ ಸೇಫ್ಟಿ ಸವೆದಿದ್ದರೆ ತಾಗುತ್ತದೆ. ಖಾಲಿ ಪಿಸ್ತೂಲನ್ನು ಮೇಲ್ಮುಖ ಹಿಡಿದು, ಹ್ಯಾಮರ್ ಎಳೆದಿಟ್ಟು, ಪೆನ್ಸಿಲ್ಲನ್ನು ರಬ್ಬರ್ ತುದಿ ಕೆಳಗಾಗಿ ನಳಿಗೆಯೊಳಗೆ ಬಿಡಿ, ಆಮೇಲೆ ಸೇಫ್ಟಿ ಒತ್ತಿ. ಪೆನ್ಸಿಲ್ ಕದಲದಿದ್ದರೆ ಸರಿ. ಒಂದು ಎಳೆಯಷ್ಟು ಜಿಗಿದರೂ ಪಿನ್ ಮುಂದೆ ಬರುತ್ತಿದೆ ಎಂದರ್ಥ. ಪರೀಕ್ಷೆ ಪಾಸಾದರೂ ತುಂಬಿದ ಹಳೆ ವಾಲ್ಥರ್ ಮೇಲೆ ಆ ಸೇಫ್ಟಿಯನ್ನು ನಂಬಿ ಹ್ಯಾಮರ್ ಇಳಿಸಬಾರದು.

ಬಣ್ಣದ ವಿಷಯದಲ್ಲಿ ನಮ್ಮ ಕಡೆ ತುಂಬ ನಷ್ಟವಾಗಿದೆ. ಮದುವೆ, ದಸರೆಗೆ ಚೆಂದ ಕಾಣಲೆಂದು ನಿಕ್ಕಲ್ ಪಾಲಿಶ್ ಮಾಡಿಸಿದ ಎಷ್ಟೋ ಒಳ್ಳೆ ಪಿಸ್ತೂಲುಗಳಿವೆ. ಪಾಲಿಶ್ ಮಾಡುವ ಮೊದಲು ಉಜ್ಜುತ್ತಾರೆ. ಆಗ ಅಕ್ಷರದ ಅಂಚು ಕರಗುತ್ತದೆ, ಸ್ಕ್ರೂ ತೂತಿನ ಸುತ್ತ ತಗ್ಗು ಬೀಳುತ್ತದೆ, ಸೈನ್ಯದ ಗುರುತು ಹೋಗಿಬಿಡುತ್ತದೆ. ನಿಕ್ಕಲ್ಲಿನ ಕೆಳಗೆ ತುಕ್ಕು ಹರಡುವುದು ಕಾಣುವುದೂ ಇಲ್ಲ. ಸವೆದು ಬೂದಾದ ಮೂಲ ಬಣ್ಣ ಹೊಸ ಬಣ್ಣಕ್ಕಿಂತ ಬೆಲೆಯುಳ್ಳದ್ದು. ಬೀದರದಲ್ಲಿ ಇನ್ನೊಂದು ಆಸೆ ಹುಟ್ಟುತ್ತದೆ, ಬಿದ್ರಿಯ ಕರಿಬಣ್ಣ ಹಾಕಿಸೋಣ ಎಂದು. ಬಿದ್ರಿ ಕಪ್ಪಾಗುವುದು ಸತು ಹೆಚ್ಚಿರುವ ಲೋಹದ ಮೇಲೆ, ಕೋಟೆಯ ಮಣ್ಣು ಮತ್ತು ನವಸಾಗರದಿಂದ. ಅದೇ ನವಸಾಗರ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಆ ಕೈಚಳಕವನ್ನು ಪಿಸ್ತೂಲು ಇಡುವ ಪೆಟ್ಟಿಗೆಯ ಮೇಲಿನ ಫಲಕಕ್ಕೆ ಮಾಡಿಸಿ, ಬಹಳ ಚೆಂದ ಒಪ್ಪುತ್ತದೆ.

ಕಾಡತೂಸು. ಡೀಲರ್ ಬಳಿ .32 ಎಂದಷ್ಟೇ ಕೇಳಿದರೆ ರಿವಾಲ್ವರಿನ .32 ಎಸ್ ಅಂಡ್ ಡಬ್ಲ್ಯು ಲಾಂಗ್ ಕೊಡಬಹುದು. ಅದು ಬೇರೆ, ಇದು ಬೇರೆ, ಪಿಸ್ತೂಲಿನದು ಎಸಿಪಿ. ಎಸಿಪಿ ಕಾಡತೂಸಿಗೂ ಸಣ್ಣ ಅಂಚಿದೆ, ಅದನ್ನು ಮರೆತು ಮ್ಯಾಗಜೀನ್ ತುಂಬಿದರೆ ಜಾಮ್ ಆಗುತ್ತದೆ. ಪ್ರತಿ ಮೇಲಿನ ಕಾಡತೂಸಿನ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಕೂರಬೇಕು. ಹಿಂದೆ ಕೂತರೆ ಎರಡೂ ಸಿಕ್ಕಿಹಾಕಿಕೊಂಡು ಸ್ಲೈಡ್ ಅರ್ಧಕ್ಕೆ ನಿಲ್ಲುತ್ತದೆ, ಬಡಿದರೂ ಬಿಡಿಸಲಾಗದು. ಪಿಸ್ತೂಲಿನ ಜೊತೆ ಬಂದ ಹಳೆ ಡಬ್ಬಿಯ ಕಾಡತೂಸನ್ನು ಹಾರಿಸಬೇಡಿ, ಡೀಲರ್‌ಗೆ ಒಪ್ಪಿಸಿ ರಸೀದಿ ಪಡೆಯಿರಿ. ಎಷ್ಟು ಕೊಳ್ಳಬಹುದೆಂಬುದು ನಿಮ್ಮ ಲೈಸೆನ್ಸ್ ಪುಸ್ತಕದಲ್ಲೇ ಬರೆದಿರುತ್ತದೆ.

ಹೊಡೆಯುವ ಜಾಗ ರೇಂಜ್ ಮಾತ್ರ. ತೊಗರಿ ಹೊಲದ ಬದುವಿಗೆ ಹೊಡೆದರೂ, ಮೆರವಣಿಗೆಯಲ್ಲಿ ಗಾಳಿಗೆ ಹೊಡೆದರೂ ಅಪರಾಧವೇ. ಸಂಭ್ರಮಕ್ಕೆ ಗುಂಡು ಹಾರಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ 2019ರಿಂದ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಸ್ಪರ್ಧೆಯ ಆಸೆ ಇದ್ದವರಿಗೆ: 25 ಮೀಟರ್ ಸೆಂಟರ್ ಫೈರ್ ನಿಯಮದಲ್ಲಿ ಬೋರ್ 7.62ರಿಂದ 9.65 ಮಿಲಿಮೀಟರ್, ನಳಿಗೆ 153 ಮಿಲಿಮೀಟರ್ ಮೀರಬಾರದು, ಟ್ರಿಗರ್ ಭಾರ 1000 ಗ್ರಾಂಗೆ ಕಡಿಮೆ ಇರಬಾರದು. 7.65 ಪಿಸ್ತೂಲು ಅಳತೆಗೆ ಹೊಂದುತ್ತದೆ, ಆದರೆ ಅದರ ಚಿಕ್ಕ ಸ್ಥಿರ ಸೈಟಿನಿಂದ .32 ರಿವಾಲ್ವರ್ ಕಾಡತೂಸಿನ ಸ್ಪರ್ಧಾ ಪಿಸ್ತೂಲುಗಳ ಎದುರು ಅಂಕ ಗಳಿಸಲಾಗದು. 10, 15 ಮೀಟರಿನಲ್ಲಿ ಸಾವಧಾನವಾಗಿ ಐದೈದು ಹೊಡೆದು ಗುಂಪು ನೋಡುವುದರಲ್ಲೇ ಇದರ ಸೊಗಸು. ಹೊಸದಾಗಿ ಕೊಂಡದ್ದಾದರೆ ಮೊದಲು ಮ್ಯಾಗಜೀನಿಗೆ ಒಂದೇ ಕಾಡತೂಸು ಹಾಕಿ ಹೊಡೆಯಿರಿ, ಖಾಲಿ ಕೊಳವೆ ಉಬ್ಬಿದೆಯೇ, ಪ್ರೈಮರ್ ತೂತಾಗಿದೆಯೇ ನೋಡಿ. ಆಮೇಲೆ ಎರಡು ಹಾಕಿ. ಒಂದು ಎಳೆತಕ್ಕೆ ಎರಡೂ ಹಾರಿದರೆ ಒಳಗಿನ ಸಿಯರ್ (ಹ್ಯಾಮರ್ ಅಥವಾ ಪಿನ್ ಹಿಡಿದಿಡುವ ಕೊಂಡಿ) ಸವೆದಿದೆ, ಅಂದಿನ ಅಭ್ಯಾಸ ಅಲ್ಲಿಗೇ ನಿಲ್ಲಿಸಿ ಲೈಸೆನ್ಸ್ ಇರುವ ಗನ್‌ಸ್ಮಿತ್‌ಗೆ ಒಯ್ಯಿರಿ.

ಇಡುವುದರ ಬಗ್ಗೆ ಹೇಳುವುದಾದರೆ, ಚರ್ಮದ ಹೋಲ್‌ಸ್ಟರ್‌ನಲ್ಲಿ ಎಂದೂ ಇಡಬೇಡಿ. ಚರ್ಮ ಹದಮಾಡಿದ ಆಮ್ಲ, ಉಪ್ಪು ಎರಡೂ ಅದರಲ್ಲಿರುತ್ತವೆ. ಒಂದೇ ಮಳೆಗಾಲದಲ್ಲಿ ಹೋಲ್‌ಸ್ಟರ್‌ನ ಹೊಲಿಗೆಯ ಅಚ್ಚು ಸ್ಲೈಡ್ ಮೇಲೆ ತುಕ್ಕಾಗಿ ಮೂಡುತ್ತದೆ. ಕೊಬ್ಬರಿ ಎಣ್ಣೆ ಬೇಡ, ಅದು ಅಂಟಾಗಿ ಫೈರಿಂಗ್ ಪಿನ್ ಹಿಡಿಯುತ್ತದೆ. ಬೇರೇನೂ ಸಿಗದಿದ್ದರೆ ಹೊಲಿಗೆ ಮಷೀನಿನ ಎಣ್ಣೆ ನಡೆಯುತ್ತದೆ, ಆದರೆ ಬೇಸಿಗೆಯಲ್ಲಿ ನಮ್ಮ ಬಿಸಿಲಿಗೆ ಬೇಗ ಆರುತ್ತದೆ, ಹದಿನೈದು ದಿನಕ್ಕೊಮ್ಮೆ ನೋಡಬೇಕು. ಕರಿಮಣ್ಣಿನ ಧೂಳು ಎಣ್ಣೆಗೆ ಕೂತರೆ ಅರೆಯುವ ಪುಡಿಯಾಗುತ್ತದೆ, ಆದ್ದರಿಂದ ಎಣ್ಣೆ ತೆಳ್ಳಗಿರಲಿ.

ಚುನಾವಣೆ ಬಂದಾಗ ಠೇವಣಿಗೆ ಕರೆ ಬರುತ್ತದೆ. ಮಾಲಖಾನೆಗಿಂತ ಲೈಸೆನ್ಸ್ ಇರುವ ಡೀಲರ್ ಬಳಿ ಇಡಲು ಅವಕಾಶವಿದ್ದರೆ ಬಾಡಿಗೆ ಕೊಟ್ಟಾದರೂ ಅಲ್ಲೇ ಇಡಿ. ಕೊಡುವ ಮುನ್ನ ನಳಿಗೆಗೆ ಗ್ರೀಸ್ ಹಾಯಿಸಿ, ಎಣ್ಣೆ ಸವರಿದ ಹತ್ತಿ ಅರಿವೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಸಮೇತ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ. ಎರಡೂ ಬದಿಯ, ನಂಬರಿನ, ಹಿಡಿಯ ಫೋಟೊ ತೆಗೆದಿಟ್ಟುಕೊಳ್ಳಿ. ರಸೀದಿಯಲ್ಲಿ ಪಿಸ್ತೂಲಿನ ನಂಬರ್ ಜೊತೆ ಮ್ಯಾಗಜೀನ್ ಎಷ್ಟು ಎಂದು ಬರೆಸಿ. ಕಳೆದುಹೋಗುವುದು ಹೆಚ್ಚಾಗಿ ಮ್ಯಾಗಜೀನೇ, ಮೂಲ ಮ್ಯಾಗಜೀನ್ ಮತ್ತೆ ಸಿಗುವುದಿಲ್ಲ. ವಾಪಸ್ ಪಡೆದ ದಿನವೇ ಬಿಚ್ಚಿ ಗ್ರೀಸ್ ಪೂರ್ತಿ ಒರೆಸಿ. ನಳಿಗೆಯಲ್ಲಿ ಗ್ರೀಸ್ ಉಳಿದಿರುವಾಗ ಹೊಡೆದರೆ ಒತ್ತಡ ಏರಿ ನಳಿಗೆ ಉಬ್ಬುತ್ತದೆ.